ಕಾಲು ಮುಟ್ಟಿ ನೋಡುವ ವಿದ್ಯೆ



ನಾನು ಬೆಂಗಳೂರಿನಲ್ಲಿ ರೇಸ್ ಕುದುರೆಗಳ ಸಹಾಯಕ ತರಬೇತುದಾರ. ಬಸ್ಸಿನಲ್ಲೋ ಮದುವೆ ಮನೆಯಲ್ಲೋ ಈ ಮಾತು ಹೇಳಿದರೆ ಜನ ಎರಡು ಪ್ರಶ್ನೆ ಕೇಳುತ್ತಾರೆ. ಒಂದು, "ಈ ವಾರ ಯಾವ ಕುದುರೆ ಹೊಡೆಯುತ್ತೆ ಸಾರ್?" ಇನ್ನೊಂದು, "ಕುದುರೆಗೆ ಓಡೋದನ್ನೂ ಹೇಳಿಕೊಡಬೇಕಾ?" ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಎರಡನೆಯದು ಒಳ್ಳೆಯ ಪ್ರಶ್ನೆ.

ಕುದುರೆ ಮರಿ ಹುಟ್ಟಿದ ಒಂದೆರಡು ಗಂಟೆಯಲ್ಲಿ ನಡುಗುವ ಕಾಲುಗಳ ಮೇಲೆ ಎದ್ದು ನಿಲ್ಲುತ್ತದೆ. ಒಂದೆರಡು ದಿನದಲ್ಲಿ ತಾಯಿಯ ಮಗ್ಗುಲಲ್ಲೇ ಓಡತೊಡಗುತ್ತದೆ. ಅದಕ್ಕೆ ಓಟ ಹುಟ್ಟಿನಿಂದಲೇ ಬಂದದ್ದು. ಎಷ್ಟು ಓಡಿಸಬೇಕು, ಯಾವತ್ತು ಓಡಿಸಲೇಬಾರದು ಎಂಬುದನ್ನು ಮಾತ್ರ ನಾವು ಕಲಿಯಬೇಕು. ನನ್ನ ಕಸುಬೆಂದರೆ ಆ ಕಲಿಕೆಯೇ. ಅದನ್ನು ಎಲ್ಲಿ ಕಲಿತೆ, ಯಾರಿಂದ ಕಲಿತೆ, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದು ಬಂದಿದ್ದೇನೆ.

ನಮ್ಮೂರು ಕುಣಿಗಲ್ ತಾಲ್ಲೂಕಿನ ಒಂದು ಹಳ್ಳಿ. ಕುಣಿಗಲ್ ಎಂದರೆ ಹೊರಗಿನವರಿಗೆ ಕೆರೆ ನೆನಪಾಗುತ್ತದೆ. ನಮಗೆ ಕೆರೆಯ ಜೊತೆಗೆ ಕುದುರೆ ಫಾರಂ ಕೂಡ ನೆನಪಾಗುತ್ತದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ದಂಡಿಗೆ ಕುದುರೆ ಬೆಳೆಸಲು ಹುಟ್ಟಿಕೊಂಡ ಜಾಗ ಅದು. ಕಾಲ ಸರಿದ ಹಾಗೆ ಯುದ್ಧಕ್ಕೆ ಕುದುರೆ ಬೇಡವಾಯಿತು, ಅದೇ ನೆಲದಲ್ಲಿ ರೇಸಿನ ಕುದುರೆಗಳು ಹುಟ್ಟಿ ಬೆಳೆಯತೊಡಗಿದವು. ಹುಡುಗನಾಗಿದ್ದಾಗ ಅಪ್ಪನ ಜೊತೆ ಪೇಟೆಗೆ ಹೋಗುವ ದಿನ ನಾನು ಬೇಲಿಯ ಹತ್ತಿರ ನಿಂತುಬಿಡುತ್ತಿದ್ದೆ. ಬೆಳಗಿನ ಮಂಜಿನಲ್ಲಿ ತಾಯಿ ಕುದುರೆಗಳು ತಲೆ ತಗ್ಗಿಸಿ ಮೇಯುತ್ತಿರುತ್ತಿದ್ದವು. ಮರಿಗಳು ಯಾರೂ ಅಟ್ಟದೆ, ಯಾರೂ ಕರೆಯದೆ, ಇದ್ದಕ್ಕಿದ್ದ ಹಾಗೆ ಬಾಲ ಎತ್ತಿಕೊಂಡು ಓಡುತ್ತಿದ್ದವು. ಸ್ವಲ್ಪ ಹೊತ್ತು ಬಿಟ್ಟು ಅಪ್ಪ, "ಸಾಕು ಬಾರೋ, ಸಂತೆ ಹೊತ್ತಾಯ್ತು" ಎನ್ನುತ್ತಿದ್ದರು.

ಅಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದ ರೈತರು. ಕುದುರೆ ಮುಟ್ಟಿದವರಲ್ಲ, ಆದರೆ ಎತ್ತು ಬಲ್ಲವರು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆಯ ದನದ ಜಾತ್ರೆಗೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಮೊದಲು ಎತ್ತಿನ ಹಲ್ಲು ನೋಡುವರು, ಆಮೇಲೆ ಸುಳಿ ನೋಡುವರು, ಆಮೇಲೆ ದೂರ ಸರಿದು ನಡೆಸಿ ನೋಡುವರು. ಎಲ್ಲ ಮುಗಿದ ಮೇಲೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಕಾಲನ್ನೂ ಮೇಲಿನಿಂದ ಗೊರಸಿನವರೆಗೆ ಅಂಗೈಯಲ್ಲಿ ಸವರುವರು. ಆಗ ಅವರ ಕಣ್ಣು ಎತ್ತಿನ ಮೇಲೆ ಇರುತ್ತಿರಲಿಲ್ಲ, ಎಲ್ಲೋ ದೂರದಲ್ಲಿ ಇರುತ್ತಿತ್ತು. "ಏನಪ್ಪಾ ನೋಡ್ತಾ ಇದ್ದೀಯ?" ಎಂದು ಒಮ್ಮೆ ಕೇಳಿದೆ. "ನೋಡ್ತಾ ಇಲ್ಲ ಕಣೋ, ಕೇಳ್ತಾ ಇದ್ದೀನಿ. ಸುಮ್ನಿರು" ಎಂದರು. ಆ ಮಾತಿನ ಅರ್ಥ ನನಗೆ ತಿಳಿದದ್ದು ಬಹಳ ವರ್ಷದ ಮೇಲೆ.

ನಾನು ಈಗ ನೋಡಿಕೊಳ್ಳುವ ಕುದುರೆಗಳ ತಳಿಯ ಹೆಸರು ಥರೋಬ್ರೆಡ್. ಸುಮಾರು ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ರೂಪುಗೊಂಡ ತಳಿ. ಪೂರ್ವ ದೇಶಗಳಿಂದ ಅಲ್ಲಿಗೆ ಹೋದ ಮೂರು ಗಂಡು ಕುದುರೆಗಳು ಈ ತಳಿಯ ಮೂಲ ಪುರುಷರು: ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಇಂದು ಜಗತ್ತಿನ ಯಾವ ಮೂಲೆಯ ಥರೋಬ್ರೆಡ್ಡನ್ನು ಹಿಡಿದು ಅದರ ತಂದೆ, ತಂದೆಯ ತಂದೆ ಎಂದು ಹಿಂದಕ್ಕೆ ಹೋದರೂ ಕೊನೆಗೆ ಈ ಮೂವರಲ್ಲಿ ಒಬ್ಬನ ಬಾಗಿಲಿಗೆ ಮುಟ್ಟುತ್ತೇವೆ. ಈ ವಂಶಾವಳಿಯ ಪುಸ್ತಕ ಬರೆಯಲು ಇಂಗ್ಲೆಂಡಿನಲ್ಲಿ ಶುರು ಮಾಡಿದ್ದು 1791ರಲ್ಲಿ. ನಮ್ಮ ದೇಶದಲ್ಲಿ ಹುಟ್ಟುವ ಮರಿಗಳ ಲೆಕ್ಕವನ್ನು ಪುಣೆಯಲ್ಲಿರುವ ಸ್ಟಡ್ ಬುಕ್ ಅಥಾರಿಟಿ ಇಡುತ್ತದೆ. ಪ್ರತಿ ಕುದುರೆಗೂ ಒಂದು ಪಾಸ್‌ಪೋರ್ಟ್ ಇರುತ್ತದೆ, ಚರ್ಮದಡಿ ಒಂದು ಮೈಕ್ರೋಚಿಪ್ ಇರುತ್ತದೆ. ಆ ಪಾಸ್‌ಪೋರ್ಟನ್ನು ಮೊದಲ ಸಲ ಕೈಗೆತ್ತಿಕೊಂಡ ದಿನ ನಾನು ಬೆರಗಾದೆ. ಅದರಲ್ಲಿ ಕುದುರೆಯ ಚಿತ್ರ ಬರೆದು ಹಣೆಯ ಸುಳಿ, ಕತ್ತಿನ ಸುಳಿ ಎಲ್ಲೆಲ್ಲಿವೆ ಎಂದು ಗುರುತು ಹಾಕಿದ್ದರು. ಬಣ್ಣ ವಯಸ್ಸಿಗೆ ತಕ್ಕಂತೆ ಬದಲಾಗಬಹುದು, ಸುಳಿ ಬದಲಾಗುವುದಿಲ್ಲ. ಅಪ್ಪ ಅದೃಷ್ಟಕ್ಕೆಂದು ನೋಡುತ್ತಿದ್ದ ಸುಳಿಯನ್ನೇ ಇಲ್ಲಿ ಗುರುತಿಗೆಂದು ನೋಡುತ್ತಾರೆ. ಜಾತ್ರೆಗೂ ರೇಸ್ ಕೋರ್ಸಿಗೂ ನಾನು ಅಂದುಕೊಂಡಷ್ಟು ದೂರವಿಲ್ಲ ಎಂದು ಅಂದು ಅನ್ನಿಸಿತು.

ಹದಿನೆಂಟನೇ ವಯಸ್ಸಿನಲ್ಲಿ ನಮ್ಮೂರಿನವರೊಬ್ಬರ ಮೂಲಕ ಬೆಂಗಳೂರಿನ ಒಂದು ಲಾಯಕ್ಕೆ ಬಂದೆ. ಸಿಕ್ಕ ಕೆಲಸ ಲದ್ದಿ ಬಳಿಯುವುದು, ನೀರು ಹೊರುವುದು, ಹುಲ್ಲು ಹಾಸುವುದು. ಹೈಗ್ರೌಂಡ್ಸಿನ ರೇಸ್ ಕೋರ್ಸನ್ನು ರಸ್ತೆಯಿಂದ ಕಂಡವರಿಗೆ ಗ್ಯಾಲರಿ, ಹಸಿರು ಹುಲ್ಲಿನ ಓಟದ ದಾರಿ ಕಾಣುತ್ತವೆ. ಒಳಗಿನ ಲಾಯಗಳ ಲೋಕವೇ ಬೇರೆ. ಅಲ್ಲಿ ಪ್ರತಿ ಕುದುರೆಗೂ ಒಬ್ಬ ಸೈಸ್ ಇರುತ್ತಾನೆ. ಉಜ್ಜುವುದು, ತೊಳೆಯುವುದು, ತಿನ್ನಿಸುವುದು, ನಡೆಸುವುದು ಅವನ ಕೆಲಸ. ಸೈಸುಗಳ ಮೇಲೆ ಜಮೇದಾರ್. ಬೆಳಿಗ್ಗೆ ಸವಾರಿ ಮಾಡುವವರು ರೈಡಿಂಗ್ ಬಾಯ್‌ಗಳು. ಲಾಳ ಕಟ್ಟಲು ನಾಲಬಂದ, ಕಾಯಿಲೆಗೆ ವೈದ್ಯರು. ಇವರೆಲ್ಲರ ಮೇಲೆ ತರಬೇತುದಾರರು. ಕುದುರೆಗೆ ಹಣ ಹಾಕುವವರು ಮಾಲೀಕರು, ಹೊಣೆ ಹೊರುವವರು ತರಬೇತುದಾರರು.

ನಮ್ಮ ಲಾಯದ ಜಮೇದಾರರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಮನೆಯಲ್ಲಿ ಉರ್ದು, ಲಾಯದಲ್ಲಿ ಕನ್ನಡ, ಕುದುರೆಯ ಹತ್ತಿರ ಎರಡೂ ಅಲ್ಲದ ಒಂದು ಮೆಲುದನಿ. ಮೊದಲ ವಾರ ನನಗೆ ಲದ್ದಿ ಬಳಿಯಲು ಹೇಳಿದವರು, ಎರಡನೇ ವಾರ ಬುಟ್ಟಿ ತಡೆದು ನಿಲ್ಲಿಸಿ ಕೇಳಿದರು: "ಮೂರನೇ ಬಾಕ್ಸಿನ ಲದ್ದಿ ಹೇಗಿತ್ತು?" ನಾನು ಬೆಪ್ಪಾಗಿ ನಿಂತೆ. "ಗಟ್ಟಿ ಇತ್ತಾ, ತೆಳ್ಳಗಿತ್ತಾ, ಎಷ್ಟು ಸಲ ಹಾಕಿತ್ತು? ಬೇಟಾ, ರಾತ್ರಿ ಏನಾಯ್ತು ಅಂತ ಕುದುರೆ ಬಾಯಿಬಿಟ್ಟು ಹೇಳಲ್ಲ. ಅದು ಬರೆದಿಡೋದು ಲದ್ದಿಯಲ್ಲೇ. ಓದದೆ ಬಿಸಾಡಬೇಡ."

ಅದು ನನ್ನ ಮೊದಲ ಪಾಠ. ಕುದುರೆಯ ಮೈ ದೊಡ್ಡದು, ಜಠರ ಚಿಕ್ಕದು. ಅದಕ್ಕೆ ವಾಂತಿ ಮಾಡಲು ಬಾರದು. ತಿಂದದ್ದು ಒಳಗೆ ಸಿಕ್ಕಿಕೊಂಡರೆ ಹೊಟ್ಟೆಶೂಲೆ ಬರುತ್ತದೆ, ನೆಲಕ್ಕೆ ಬಿದ್ದು ಹೊರಳುತ್ತದೆ, ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುವುದೂ ಉಂಟು. ಅದಕ್ಕೇ ದಾಣಿಯನ್ನು ಒಂದೇ ಸಲ ಸುರಿಯದೆ ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಕೊಡುತ್ತೇವೆ. ಓಟ್ಸ್, ಬಾರ್ಲಿ, ಬೂಸಾ, ಕ್ಯಾರೆಟ್, ಒಣಹುಲ್ಲು, ಜೊತೆಗೆ ಹಸಿರು ಮೇವು. ಆ ಹಸಿರು ಮೇವಿನಲ್ಲಿ ಮುಖ್ಯವಾದದ್ದರ ಹೆಸರೇ ಕುದುರೆಮಸಾಲೆ ಸೊಪ್ಪು. ನಮ್ಮ ಅಪ್ಪ ಬೆಳೆಯುತ್ತಿದ್ದ ಹುರುಳಿಯೂ ಒಂದು ಕಾಲದಲ್ಲಿ ಬೇಯಿಸಿ ಕುದುರೆಗೆ ಹಾಕುತ್ತಿದ್ದ ದಾಣಿಯೇ. ನಮ್ಮ ನಾಡಿಗೆ ಕುದುರೆ ಸಾಕುವ ತಿಳಿವಳಿಕೆ ಹೊಸದಲ್ಲ. ಅಭಿನವಚಂದ್ರನೆಂಬ ಕವಿ ಶತಮಾನಗಳ ಹಿಂದೆಯೇ ಅಶ್ವವೈದ್ಯವನ್ನು ಕನ್ನಡದಲ್ಲಿ ಬರೆದಿಟ್ಟಿದ್ದಾನೆ.

ಎರಡನೇ ಪಾಠ, ಹತ್ತಿರ ಹೋಗುವುದು. ಕುದುರೆಯ ಕಣ್ಣು ಮುಖದ ಎರಡು ಪಕ್ಕದಲ್ಲಿರುವುದರಿಂದ ಸುತ್ತಲಿನದೆಲ್ಲ ಅದಕ್ಕೆ ಕಾಣುತ್ತದೆ, ಮೂಗಿನ ನೇರಕ್ಕೆ ತೀರ ಹತ್ತಿರ ಮತ್ತು ಬಾಲದ ನೇರ ಹಿಂದೆ ಮಾತ್ರ ಕಾಣದು. ಅಲ್ಲಿಂದ ಸದ್ದಿಲ್ಲದೆ ಹೋದವನು ಒದೆಸಿಕೊಳ್ಳುತ್ತಾನೆ. ಭುಜದ ಪಕ್ಕದಿಂದ, ಮಾತಾಡಿಸುತ್ತ, ಕೈ ಇಟ್ಟುಕೊಂಡೇ ಹೋಗಬೇಕು. ಕಿವಿ ಯಾವ ಕಡೆ ತಿರುಗಿದೆಯೋ ಅದರ ಮನಸ್ಸೂ ಆ ಕಡೆ. ಎರಡೂ ಕಿವಿ ಹಿಂದಕ್ಕೆ ಮಲಗಿದರೆ ಸಿಟ್ಟು ಬಂದಿದೆ ಎಂದೇ ಅರ್ಥ.

ಮೂರನೇ ಪಾಠವೇ ಕಾಲು. ಅದಕ್ಕೆ ಆಮೇಲೆ ಬರುತ್ತೇನೆ.

ಒಂದೂವರೆ ವರ್ಷದ ಮೇಲೆ ನನ್ನನ್ನು ಸವಾರಿಗೆ ಹತ್ತಿಸಿದರು. ಹೊಸ ಮರಿಗಳಿಗೆ ಕಡಿವಾಣದ ರುಚಿ ಹತ್ತಿಸುವುದು, ಉದ್ದ ಹಗ್ಗದಲ್ಲಿ ಸುತ್ತು ತಿರುಗಿಸುವುದು, ಬೆನ್ನಿಗೆ ಮೊದಲು ಜೀನು, ಆಮೇಲೆ ಅಡ್ಡಡ್ಡ ಮಲಗಿದ ಮನುಷ್ಯ, ಆಮೇಲೆ ಕೂತ ಮನುಷ್ಯ. ಹೆಜ್ಜೆ, ಕುಕ್ಕುಲೋಟ, ಕ್ಯಾಂಟರ್, ತಿಂಗಳುಗಳು ಕಳೆದ ಮೇಲೆ ನಾಗಾಲೋಟ. ಸ್ಟಾರ್ಟಿಂಗ್ ಗೇಟಿನ ಕಬ್ಬಿಣದ ಗೂಡಿಗೆ ಹೆದರದೆ ನುಗ್ಗಿ ನಿಲ್ಲುವುದನ್ನು ಕಲಿಸಲು ಕೆಲವು ಮರಿಗಳಿಗೆ ವಾರಗಟ್ಟಲೆ ಬೇಕು. ನನಗೂ ಜಾಕಿಯಾಗುವ ಆಸೆ ಇತ್ತು, ಮುಚ್ಚಿಡುವುದಿಲ್ಲ. ಆದರೆ ನಮ್ಮದು ರಾಗಿಮುದ್ದೆಯ ಮೈಕಟ್ಟು. ಇಪ್ಪತ್ತೆರಡು ತುಂಬುವ ಹೊತ್ತಿಗೆ ತೂಕ ಅರವತ್ತು ಕೆಜಿ ದಾಟಿತು. ಅರ್ಧ ಹೊಟ್ಟೆ ಉಂಡು ನೋಡಿದೆ, ಮೈಗೆ ಬಿಸಿ ಬಟ್ಟೆ ಸುತ್ತಿ ಓಡಿ ಬೆವರಿಳಿಸಿ ನೋಡಿದೆ. ಕಡೆಗೆ ತಲೆ ಸುತ್ತಿ ಕುದುರೆಯ ಮೇಲಿಂದ ಬಿದ್ದ ದಿನ ಚಾಚಾ ನೀರು ಕುಡಿಸಿ ಹೇಳಿದರು: "ನಿನ್ನ ಮೈ ಜಾಕಿದಲ್ಲ. ಕೈ ಮಾತ್ರ ಕುದುರೆಯವನದ್ದು. ಕೈ ಉಳಿಸಿಕೊ."

ಅಲ್ಲಿಂದ ನಾನು ಈ ದಾರಿ ಹಿಡಿದೆ. ನಾಲ್ಕು ವರ್ಷ ಲೆಕ್ಕ ಬರೆದೆ, ದಾಣಿಯ ಪಟ್ಟಿ ಬರೆದೆ, ವೈದ್ಯರ ಹಿಂದೆ ನಿಂತು ನೋಡಿದೆ. ಆಮೇಲೆ ನಮ್ಮ ತರಬೇತುದಾರರು ನನ್ನ ಹೆಸರನ್ನು ಸಹಾಯಕನ ಲೈಸೆನ್ಸಿಗೆ ಕಳಿಸಿದರು. ಈ ಲೈಸೆನ್ಸ್ ಕೊಡುವವರು ರೇಸ್ ಕ್ಲಬ್ಬಿನ ಸ್ಟೀವರ್ಡರು. ಅವರ ಮುಂದೆ ಕೂತಾಗ ನನ್ನ ಅಂಗೈ ಒದ್ದೆಯಾಗಿತ್ತು. ಕುದುರೆಗೆ ಸಾಮಾನ್ಯವಾಗಿ ಮೈಯ ಉಷ್ಣಾಂಶ ಎಷ್ಟಿರಬೇಕು, ನಿಂತಾಗ ನಾಡಿ ಎಷ್ಟು, ರೇಸಿನ ದಿನ ಯಾವ ಔಷಧಿ ಮೈಯಲ್ಲಿ ಇರಬಾರದು, ಎಂಟ್ರಿ ಕೊಟ್ಟ ಕುದುರೆಯನ್ನು ಹಿಂದಕ್ಕೆ ತೆಗೆಯಬೇಕಾದರೆ ಏನು ಮಾಡಬೇಕು ಎಂದೆಲ್ಲ ಕೇಳಿದರು. ಉಷ್ಣಾಂಶ ಹೆಚ್ಚುಕಡಿಮೆ ನೂರು ಡಿಗ್ರಿ ಫ್ಯಾರನ್‌ಹೀಟ್, ನಾಡಿ ನಿಮಿಷಕ್ಕೆ ಮೂವತ್ತರಿಂದ ನಲವತ್ತು. ಅದೇ ನಾಡಿ ಓಟದ ಬಿರುಸಿನಲ್ಲಿ ಇನ್ನೂರು ಮೀರಿ ಏರುತ್ತದೆ. ಇಷ್ಟೆಲ್ಲ ಬಾಯಿಗೆ ಬಂತು. ಲೈಸೆನ್ಸ್ ಕೈಗೆ ಬಂದ ದಿನ ಊರಿಗೆ ಹೋಗಿ ಅಪ್ಪನಿಗೆ ತೋರಿಸಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ದೇವರ ಗೂಡಿನಲ್ಲಿ ಇಟ್ಟು, "ಎತ್ತಿನ ಕೆಲಸಕ್ಕೆ ಇದು ಕೊಡೋರಿಲ್ಲ ನೋಡು" ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು.

ಸಹಾಯಕ ತರಬೇತುದಾರ ಮಾಡುವುದೇನು? ಬೆಳಗಿನ ಜಾವ ನಾಲ್ಕು ಗಂಟೆಗೆ ಲಾಯದಲ್ಲಿರಬೇಕು. ಟಾರ್ಚ್ ಹಿಡಿದು ಬಾಕ್ಸಿನಿಂದ ಬಾಕ್ಸಿಗೆ ಹೋಗಬೇಕು. ಮೊದಲು ದಾಣಿ ತೊಟ್ಟಿ ಮುಟ್ಟಿ ನೋಡುವುದು. ರಾತ್ರಿಯ ದಾಣಿ ಉಳಿದಿದ್ದರೆ ಏನೋ ಆಗಿದೆ. ಆಮೇಲೆ ಲದ್ದಿ, ಆಮೇಲೆ ಥರ್ಮಾಮೀಟರ್, ಆಮೇಲೆ ನಾಲ್ಕೂ ಕಾಲು. ಐದೂವರೆಗೆ ತರಬೇತುದಾರರು ಬರುವ ಹೊತ್ತಿಗೆ ಯಾವ ಕುದುರೆ ಸರಿ ಇದೆ, ಯಾವುದಕ್ಕೆ ಇವತ್ತು ನಡಿಗೆ ಮಾತ್ರ ಎಂದು ಹೇಳುವಂತಿರಬೇಕು. ಬೆಳಕು ಹರಿದ ಮೇಲೆ ಮರಳಿನ ಟ್ರ್ಯಾಕಿನ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು. ರೇಸಿನ ಬಿರುಸಿನಲ್ಲಿ ಕುದುರೆ 200 ಮೀಟರನ್ನು ಸುಮಾರು 12 ಸೆಕೆಂಡಿನಲ್ಲಿ ದಾಟುತ್ತದೆ. ಅಂದರೆ ಗಂಟೆಗೆ ಅರವತ್ತು ಕಿಲೋಮೀಟರ್. ತಾಲೀಮಿನಲ್ಲಿ ಅಷ್ಟು ಬಿರುಸು ಬೇಕಾಗುವುದು ಅಪರೂಪ. ಹೆಚ್ಚಿನ ದಿನ ಅದೇ ದೂರಕ್ಕೆ ಇಪ್ಪತ್ತು ಸೆಕೆಂಡಿನ ಹದವಾದ ಕ್ಯಾಂಟರ್ ಸಾಕು. ಗಡಿಯಾರದ ಮುಳ್ಳಿಗಿಂತ ಓಟ ಮುಗಿಸಿ ಬಂದ ಕುದುರೆಯ ಮೂಗಿನ ಹೊಳ್ಳೆ ಎಷ್ಟು ಹೊತ್ತಿಗೆ ಶಾಂತವಾಯಿತು ಎಂಬುದು ಹೆಚ್ಚಿನದನ್ನು ಹೇಳುತ್ತದೆ. ಮಧ್ಯಾಹ್ನ ಕಾಗದದ ಕೆಲಸ: ಎಂಟ್ರಿ, ಬಿಲ್ಲು, ಮಾಲೀಕರ ಫೋನು. ಸಂಜೆ ಮತ್ತೆ ಲಾಯ, ಮತ್ತೆ ನಾಲ್ಕೂ ಕಾಲು. ಮೈಸೂರಿನ ಸೀಸನ್ ಬಂದಾಗ ಚಾಮುಂಡಿ ಬೆಟ್ಟದ ತಪ್ಪಲಿಗೆ ಕುದುರೆಗಳ ಜೊತೆ ಲಾರಿಯಲ್ಲಿ ಪ್ರಯಾಣ, ಇಲ್ಲವೇ ತರಬೇತುದಾರರು ಅಲ್ಲಿರುವಾಗ ಇಲ್ಲಿನ ಲಾಯದ ಕಾವಲು.

ಕಾಲಿನ ಮೇಲೆ ಇಷ್ಟು ಗಮನ ಏಕೆಂದು ನೀವು ಕೇಳಬಹುದು. ಥರೋಬ್ರೆಡ್ ಕುದುರೆ ನಾಲ್ಕೂವರೆಯಿಂದ ಐದು ಕ್ವಿಂಟಲ್ ತೂಗುತ್ತದೆ. ನಾಗಾಲೋಟದಲ್ಲಿ ಪ್ರತಿ ಹೆಜ್ಜೆಗೂ ಒಂದು ಕ್ಷಣ ಆ ಭಾರವೆಲ್ಲ ಒಂದೇ ಕಾಲಿನ ಮೇಲೆ ಬರುತ್ತದೆ, ಬಿರುಸಿನಿಂದಾಗಿ ಎರಡು ಪಟ್ಟಿಗೂ ಮಿಕ್ಕಿ ಬರುತ್ತದೆ. ಆ ಕಾಲಿನ ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ. ಎಲುಬು, ಚರ್ಮ, ನಡುವೆ ಹುರಿ ಹಗ್ಗದಂಥ ಸ್ನಾಯುರಜ್ಜುಗಳು ಅಷ್ಟೇ. ಲಾಯದಲ್ಲಿ ಅದಕ್ಕೆ ಟೆಂಡನ್ ಎಂದೇ ಹೆಸರು. ಹೆಜ್ಜೆ ಊರಿದಾಗ ಅದು ಹಿಗ್ಗುತ್ತದೆ, ಎತ್ತಿದಾಗ ಕುಗ್ಗಿ ಕುದುರೆಯನ್ನು ಮುಂದಕ್ಕೆ ಎಸೆಯುತ್ತದೆ. ಬಿರುಸಿನ ಓಟದಲ್ಲಿ ಟೆಂಡನ್ನಿನ ಒಳಭಾಗ 45 ಡಿಗ್ರಿ ಸೆಲ್ಸಿಯಸ್ ತನಕ ಕಾಯುತ್ತದೆಂದು ಅಳೆದು ನೋಡಿದವರಿದ್ದಾರೆ. ಮೊದಲು ಒಂದೆರಡು ಎಳೆ ಹರಿಯುತ್ತವೆ. ಆಗ ಕುದುರೆ ಕುಂಟುವುದಿಲ್ಲ, ಬಾವು ಕಾಣುವುದಿಲ್ಲ. ಕೈಗೆ ಸ್ವಲ್ಪ ಬಿಸಿ ತಾಕುತ್ತದೆ. ಆಗ ನಿಲ್ಲಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಓಡಿಸಿದರೆ ಹಗ್ಗವೇ ಹರಿಯುತ್ತದೆ. ಮತ್ತೆ ಕೂಡಲು ವರ್ಷ ಬೇಕು, ಕೂಡಿದರೂ ಮೊದಲಿನ ಹಿಗ್ಗುವಿಕೆ ಬರುವುದಿಲ್ಲ.

ಚಾಚಾ ನನಗೆ ಆ ಬಿಸಿ ಗುರುತಿಸಲು ಕಲಿಸಿದ್ದು ಹೀಗೆ. ರಾತ್ರಿ ಕಾಲಿಗೆ ಸುತ್ತಿದ ಪಟ್ಟಿಯನ್ನು ಬೆಳಿಗ್ಗೆ ಬಿಚ್ಚಿದ ಕೂಡಲೇ ಮುಟ್ಟಬಾರದು, ಕಾಲಿಗೆ ಗಾಳಿ ಆಡಲಿ. ನೀರು ಹಾಕುವ ಮೊದಲು, ಉಜ್ಜುವ ಮೊದಲು ಮುಟ್ಟಬೇಕು. ನಿನ್ನ ಕೈ ತಣ್ಣಗಿದ್ದರೆ ಮೊದಲು ಕೈ ಉಜ್ಜಿಕೊ. ಒಂದು ಕಾಲು ಮುಟ್ಟಿದ ತಕ್ಷಣ ಅದೇ ಜಾಗದಲ್ಲಿ ಇನ್ನೊಂದು ಕಾಲು ಮುಟ್ಟು. ಆಮೇಲೆ ಕಾಲೆತ್ತಿ ಹಿಡಿದು ಹೆಬ್ಬೆರಳು, ತೋರುಬೆರಳ ನಡುವೆ ಟೆಂಡನ್ನನ್ನು ಮೇಲಿಂದ ಕೆಳಕ್ಕೆ ಹಿಂಡುತ್ತ ಬಾ. ಕುದುರೆ ಎಲ್ಲಿ ಕಾಲು ಕೊಸರಿತೋ ನೋಡು. "ಎರಡು ಕಾಲೂ ಬಿಸಿ ಇದ್ದರೆ ಹವೆ. ಒಂದೇ ಕಾಲು ಬಿಸಿ ಇದ್ದರೆ ಗಾಯ. ಇದರಲ್ಲಿ ಮೂರನೇದು ಇಲ್ಲ." ನೂರು ಸಲ ಈ ಮಾತು ಹೇಳಿದ್ದರು. ಅವರ ಕೈ ಕಾಲಿನ ಮೇಲೆ ಜಾರುವಾಗ ಕಣ್ಣು ದೂರದಲ್ಲಿ ಇರುತ್ತಿತ್ತು. ಜಾತ್ರೆಯಲ್ಲಿ ಅಪ್ಪನ ಕಣ್ಣು ಇದ್ದ ಹಾಗೆ.

ಇನ್ನು ಮುಂದಿನದು ಹೇಳಲು ಕಷ್ಟವಾದ ಭಾಗ. ಹೇಳದಿದ್ದರೆ ಈ ಭಾಷಣಕ್ಕೆ ಅರ್ಥವಿಲ್ಲ.

ನಾನು ಸಹಾಯಕನಾದ ಮೊದಲ ವರ್ಷ. ತರಬೇತುದಾರರು ಮೈಸೂರಿನಲ್ಲಿದ್ದರು, ಇಲ್ಲಿನ ಲಾಯ ನನ್ನ ಕೈಯಲ್ಲಿತ್ತು. ಚಾಚಾ ಮಗಳ ಮದುವೆಗೆಂದು ರಜೆಯಲ್ಲಿದ್ದರು. ಲಾಯದಲ್ಲಿ ಮೂರು ವರ್ಷದ ಒಂದು ಹೆಣ್ಣುಕುದುರೆ ಇತ್ತು. ರೇಸ್ ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರು, ನಾವು ಕರೆಯುತ್ತಿದ್ದುದು ಗೌರಿ ಎಂದು. ಜೇನಿನ ಬಣ್ಣದ ಮೈ, ಹಣೆಯಲ್ಲಿ ಬೆಳ್ಳಿ ಬೊಟ್ಟು. ಬೆಲ್ಲದ ಚೂರಿಗಾಗಿ ನನ್ನ ಜೇಬು ಮೂಸುತ್ತಿದ್ದಳು. ಅವಳಿಗೆ ಒಂದು ಬೆಳಿಗ್ಗೆ ಬಿರುಸಿನ ಓಟ ಬರೆದಿತ್ತು. ಎಡ ಮುಂಗಾಲಿನ ಹಿಂಬದಿಯಲ್ಲಿ ಒಂದು ನಾಲ್ಕಾಣೆ ಅಗಲದಷ್ಟು ಜಾಗ ಬೆಚ್ಚಗಿತ್ತು. ಬಲಗಾಲು ಮುಟ್ಟಿದೆ. ತಣ್ಣಗಿತ್ತು. ಮತ್ತೆ ಎಡಗಾಲು ಮುಟ್ಟಿದೆ. ಸೈಸ್, "ರಾತ್ರಿ ಪಟ್ಟಿ ಬಿಗಿಯಾಗಿತ್ತೇನೋ ಅಣ್ಣ" ಎಂದ. ನಡೆಸಿ ನೋಡಿದೆ, ಕುಕ್ಕುಲೋಟ ಹಾಕಿಸಿ ನೋಡಿದೆ. ಎಲ್ಲೂ ಕುಂಟಲಿಲ್ಲ. ಇಷ್ಟು ಸಣ್ಣ ವಿಷಯಕ್ಕೆ ಮೈಸೂರಿಗೆ ಫೋನ್ ಮಾಡಿದರೆ, ಇವನಿಗೆ ಧೈರ್ಯವಿಲ್ಲ ಎಂದುಕೊಳ್ಳುತ್ತಾರೆ ಅನ್ನಿಸಿತು. ಓಡಲಿ ಎಂದೆ.

ಕೊನೆಯ 200 ಮೀಟರಿನಲ್ಲಿ ಅವಳ ತಲೆ ಒಮ್ಮೆ ಮೇಲಕ್ಕೆ ಎದ್ದಿತು. ಹೆಜ್ಜೆಯ ಲಯ ತಪ್ಪಿತು. ಸವಾರ ಲಗಾಮು ಜಗ್ಗಿ ನಿಲ್ಲಿಸಿ ಕೆಳಕ್ಕೆ ಹಾರಿದ. ನಾನು ಓಡಿಹೋದಾಗ ಎಡಗಾಲನ್ನು ನೆಲಕ್ಕೆ ತಾಗಿಸಲೂ ಆಗದೆ ಎತ್ತಿ ನಿಂತಿದ್ದಳು. ಮೈಯೆಲ್ಲ ಬೆವರು, ಕಣ್ಣಿನ ಬಿಳಿ ಕಾಣುತ್ತಿತ್ತು. ಅಂಥ ನೋವಿನಲ್ಲೂ ಮೂತಿ ನನ್ನ ಜೇಬಿನ ಹತ್ತಿರ ಬಂತು.

ವೈದ್ಯರು ಸ್ಕ್ಯಾನ್ ಮಾಡಿ ಪರದೆಯ ಮೇಲೆ ಟೆಂಡನ್ನಿನ ನಡುವೆ ಕಪ್ಪು ತೂತು ತೋರಿಸಿದರು. ಸಂಜೆಯೊಳಗೆ ತರಬೇತುದಾರರು ಮೈಸೂರಿನಿಂದ ಬಂದರು. ಗೌರಿಯ ಬಾಕ್ಸಿನಲ್ಲಿ ಬಹಳ ಹೊತ್ತು ಕೂತಿದ್ದು ಹೊರಗೆ ಬಂದು ಒಂದೇ ಪ್ರಶ್ನೆ ಕೇಳಿದರು: "ಬೆಳಿಗ್ಗೆ ಬಿಸಿ ಇತ್ತಾ?" ಇರಲಿಲ್ಲ ಎನ್ನಬಹುದಿತ್ತು. ಸೈಸ್ ನನ್ನ ಮುಖವನ್ನೇ ನೋಡುತ್ತಿದ್ದ. "ಇತ್ತು ಸಾರ್. ನನಗೆ ಗೊತ್ತಾಗಿತ್ತು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇತ್ತು ಅಂದೆಯಲ್ಲ, ಅದಕ್ಕೆ ನಾಳೆಯೂ ಕೆಲಸಕ್ಕೆ ಬಾ. ಇಲ್ಲ ಅಂದಿದ್ದರೆ ಇವತ್ತೇ ಕಳಿಸುತ್ತಿದ್ದೆ."

ಆ ರಾತ್ರಿ ನಾನು ಮನೆಗೆ ಹೋಗಲಿಲ್ಲ. ಗೌರಿಯ ಕಾಲಿಗೆ ಗಂಟೆಗೊಮ್ಮೆ ಐಸ್ ಕಟ್ಟುತ್ತ ಕೂತೆ. ನನ್ನ ಕೈಗೆ ತಿಳಿದಿತ್ತು. ಬಾಯಿಗೆ ಹೇಳಲಾಗಲಿಲ್ಲ. ಸಹಾಯಕ ತರಬೇತುದಾರನ ಕೆಲಸವೆಲ್ಲ ಕೈಗೂ ಬಾಯಿಗೂ ನಡುವಿನ ಆ ಒಂದು ಗೇಣಿನಲ್ಲಿದೆ ಎಂದು ನನಗೆ ಅರ್ಥವಾದದ್ದು ಅಂದು. ಕುದುರೆಗೆ ಮಾತು ಬಾರದು. ಅದರ ಪರವಾಗಿ ಮಾತಾಡಲು ಒಬ್ಬನಿಗೆ ಸಂಬಳ ಕೊಟ್ಟು ಇಟ್ಟಿದ್ದಾರೆ. ಅವನೂ ಸುಮ್ಮನಾದರೆ ಅದು ಇನ್ನು ಯಾರಿಗೆ ಹೇಳಿಕೊಂಡೀತು?

ಎರಡು ವರ್ಷದ ಮೇಲೆ ಅದೇ ಪರೀಕ್ಷೆ ಮತ್ತೆ ಬಂತು. ರೇಸಿನ ಹಿಂದಿನ ದಿನ. ಮಾಲೀಕರು ಹೊರಊರಿನಿಂದ ಮನೆಮಂದಿಯನ್ನೆಲ್ಲ ಕರೆಸಿಕೊಂಡಿದ್ದರು. ಸಂಜೆ ಕುದುರೆಯ ಬಲ ಮುಂಗಾಲು ಬೆಚ್ಚಗಿತ್ತು, ಎಡಗಾಲು ತಣ್ಣಗಿತ್ತು. ನಡಿಗೆಯಲ್ಲಿ ಏನೂ ಕಾಣಲಿಲ್ಲ. ನೇರವಾಗಿ ಹೋಗಿ ತರಬೇತುದಾರರಿಗೆ ಹೇಳಿದೆ. ಅವರೂ ಬಂದು ಮುಟ್ಟಿದರು, ವೈದ್ಯರನ್ನು ಕರೆಸಿದರು, ಕುದುರೆಯನ್ನು ರೇಸಿನಿಂದ ಹಿಂದಕ್ಕೆ ತೆಗೆದರು. ಮಾಲೀಕರಿಗೆ ಬಹಳ ಬೇಸರವಾಯಿತು. ಅವರ ಬೇಸರ ನ್ಯಾಯವಾದದ್ದೇ. ಆರು ವಾರದ ವಿಶ್ರಾಂತಿ, ಆಮೇಲೆ ನಿಧಾನವಾಗಿ ಕೆಲಸ. ಆ ಕುದುರೆ ಮತ್ತೆ ಓಡಿದಾಗ ನಾಲ್ಕನೆಯದಾಗಿ ಬಂತು. ಪತ್ರಿಕೆಯಲ್ಲಿ ಅದರ ಸುದ್ದಿ ಬರಲಿಲ್ಲ. ಅದು ನಾಲ್ಕು ಕಾಲಿನ ಮೇಲೆ ನಡೆದು ಬಂದದ್ದನ್ನು ನಾನೂ ಚಾಚಾನೂ ಬೇಲಿಯ ಹತ್ತಿರ ನಿಂತು ಕಣ್ತುಂಬ ನೋಡಿದೆವು.

ಬೆಂಗಳೂರಿಗೆ ಈ ವಿದ್ಯೆಯಲ್ಲಿ ದೊಡ್ಡ ಹೆಸರಿದೆ. ಇಂಡಿಯನ್ ಡರ್ಬಿ ರೇಸನ್ನು ಹತ್ತಕ್ಕೂ ಹೆಚ್ಚು ಸಲ ಗೆದ್ದ ರಶೀದ್ ಬೈರಾಮ್‌ಜಿ ಅವರು ಕುದುರೆ ತಯಾರು ಮಾಡಿದ್ದು ಈ ಊರಿನಲ್ಲಿ. 2010ರಲ್ಲಿ ಅದೇ ಡರ್ಬಿ ಗೆದ್ದ ಜಾಕ್ವೆಲಿನ್ ಎಂಬ ಹೆಣ್ಣುಕುದುರೆ ಬೆಂಗಳೂರಿನ ಎಸ್. ಪದ್ಮನಾಭನ್ ಅವರ ಕೈಯಲ್ಲಿ ಪಳಗಿದವಳು. ಅಂಥ ಗೆಲುವಿನ ಫೋಟೋದಲ್ಲಿ ಕಡಿವಾಣ ಹಿಡಿದು ಪಕ್ಕದಲ್ಲಿ ಒಬ್ಬ ನಿಂತಿರುತ್ತಾನೆ. ನಿಮ್ಮ ಕಣ್ಣು ಒಮ್ಮೆ ಅವನ ಮೇಲೂ ಹರಿಯಲಿ. ಅವನು ಸೈಸ್. ಆ ಕಾಲುಗಳನ್ನು ನೂರಾರು ಬೆಳಗು ಮುಟ್ಟಿದವನು ಅವನು.

ಬಾಜಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ರೇಸಿಗೆ ದುಡ್ಡು ಕಟ್ಟಿ ಮನೆ ಮಾರಿಕೊಂಡವರನ್ನು ನಾನು ಕಂಡಿದ್ದೇನೆ, ಅವರ ಹೆಂಡತಿ ಮಕ್ಕಳು ಗೇಟಿನ ಹೊರಗೆ ಕಾಯುವುದನ್ನು ಕಂಡಿದ್ದೇನೆ. ಅದರ ನೋವು ದೊಡ್ಡದು. ದಯವಿಟ್ಟು ಯಾರೂ ಮನೆಯ ಅಕ್ಕಿ ಬೇಳೆಯ ದುಡ್ಡನ್ನು ಅಲ್ಲಿಗೆ ತರಬೇಡಿ. ಕುದುರೆ ರೇಸು ಬರೀ ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಕೌಶಲ ಎಲ್ಲಿದೆ ಎಂದು ನನ್ನನ್ನು ಕೇಳಿದರೆ ಬೆಳಗಿನ ನಾಲ್ಕು ಗಂಟೆಯ ಲಾಯವನ್ನು ತೋರಿಸುತ್ತೇನೆ. ಕೌಂಟರಿನ ಮುಂದೆ ನಿಂತವರಿಗೆ ಅದು ಕಾಣುವುದಿಲ್ಲ.

ಈ ಕಸುಬಿಗೆ ಬರಬೇಕೆಂದಿರುವ ಹುಡುಗ ಹುಡುಗಿಯರು ಯಾರಾದರೂ ಕೇಳುತ್ತಿದ್ದರೆ, ನನಗೆ ತಿಳಿದಷ್ಟು ಹೇಳುತ್ತೇನೆ. ದಾರಿಗಳು ಹಲವು. ಜಾಕಿಗಳಾಗಿದ್ದವರು ಬರುತ್ತಾರೆ, ಪಶುವೈದ್ಯ ಓದಿದವರು ಬರುತ್ತಾರೆ, ಸೈನ್ಯದ ಕುದುರೆ ದಳದಲ್ಲಿ ಕೆಲಸ ಮಾಡಿದವರು ಬರುತ್ತಾರೆ, ತರಬೇತುದಾರರ ಮನೆತನದಲ್ಲೇ ಹುಟ್ಟಿದವರು ಬರುತ್ತಾರೆ. ಅನುಕೂಲವಿದ್ದವರು ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಂಥ ಕಡೆ ಹೋಗಿ ಕಲಿತು ಬರುತ್ತಾರೆ. ಯಾವ ದಾರಿಯಿಂದ ಬಂದರೂ ಕೆಲವು ತಿಂಗಳಾದರೂ ಲದ್ದಿ ಬಳಿಯಿರಿ. ಆ ಓದು ಯಾವ ಪುಸ್ತಕದಲ್ಲೂ ಸಿಗದು. ಒಂದು ನೋಟ್‌ಪುಸ್ತಕ ಇಡಿ. ಪ್ರತಿ ಕುದುರೆಯ ಪ್ರತಿ ಕಾಲು ಮಾಮೂಲಿ ದಿನ ಹೇಗಿರುತ್ತದೆ ಎಂದು ಬರೆದಿಡಿ. ಸರಿ ಇದ್ದಾಗ ಹೇಗಿರುತ್ತದೆ ಎಂದು ಗೊತ್ತಿಲ್ಲದವನಿಗೆ ಕೆಟ್ಟಾಗ ಗೊತ್ತಾಗುವುದಿಲ್ಲ. ಸೈಸಿನ ಮಾತನ್ನು ಕಡೆಗಣಿಸಬೇಡಿ, ಅವನು ಕುದುರೆಯ ಜೊತೆ ನಿಮಗಿಂತ ಹೆಚ್ಚು ಹೊತ್ತು ಇರುತ್ತಾನೆ. ಹಬ್ಬಕ್ಕೂ ರಜೆ ಇಲ್ಲ, ಬೇಗ ದುಡ್ಡೂ ಬರುವುದಿಲ್ಲ. ಅನುಮಾನ ಬಂದಾಗ ಹೇಳಿಬಿಡಿ. ಹೇಳಿ ಬೈಸಿಕೊಂಡದ್ದು ಸಂಜೆಗೆ ಮರೆತುಹೋಗುತ್ತದೆ.

ಗೌರಿ ಮತ್ತೆ ರೇಸಿನಲ್ಲಿ ಓಡಲಿಲ್ಲ. ಹದಿನಾಲ್ಕು ತಿಂಗಳ ಆರೈಕೆಯ ಮೇಲೆ ನಡೆದಳು, ಕುಕ್ಕುಲೋಟ ಓಡಿದಳು. ಅವಳ ಮಾಲೀಕರು ಒಳ್ಳೆಯವರು. ಊರ ಹೊರಗಿನ ಒಂದು ಸವಾರಿ ಶಾಲೆಗೆ ಕೊಟ್ಟರು. ಅಲ್ಲಿ ಎಂಟು ಹತ್ತು ವರ್ಷದ ಮಕ್ಕಳು ಅವಳ ಬೆನ್ನಿನ ಮೇಲೆ ಕೂತು ಸವಾರಿ ಕಲಿಯುತ್ತಾರೆ. ಜೂಲು ಹಿಡಿದು ಜಗ್ಗಿದರೂ ಸುಮ್ಮನೆ ನಿಲ್ಲುತ್ತಾಳೆ. ತಿಂಗಳಿಗೊಮ್ಮೆ ಭಾನುವಾರ ಬಿಡುವು ಮಾಡಿಕೊಂಡು ನಾನು ಹೋಗುತ್ತೇನೆ, ಜೇಬಿನಲ್ಲಿ ಬೆಲ್ಲ ಇರುತ್ತದೆ. ಬೆಲ್ಲ ಕೊಟ್ಟು ಕುಕ್ಕರಗಾಲಲ್ಲಿ ಕೂತು ಎಡ ಮುಂಗಾಲನ್ನು ಮೇಲಿನಿಂದ ಕೆಳಕ್ಕೆ ಸವರುತ್ತೇನೆ. ಹಿಂಬದಿಯಲ್ಲಿ ಬಿಲ್ಲಿನ ಹಾಗೆ ಉಬ್ಬಿದ ಒಂದು ಗಂಟು ಬೆರಳಿಗೆ ಸಿಗುತ್ತದೆ, ಅದು ಇನ್ನು ಹೋಗುವುದಿಲ್ಲ. ಆಮೇಲೆ ಬಲಗಾಲು ಮುಟ್ಟುತ್ತೇನೆ. ಮತ್ತೆ ಎಡಗಾಲು ಮುಟ್ಟುತ್ತೇನೆ. ಹೋದ ಭಾನುವಾರ ಒಬ್ಬ ಪುಟ್ಟ ಹುಡುಗಿ ಪಕ್ಕದಲ್ಲಿ ಬಂದು ನಿಂತು, "ಅಂಕಲ್, ಏನು ನೋಡ್ತಾ ಇದ್ದೀರಾ?" ಎಂದಳು. ಅವಳ ಕೈ ಹಿಡಿದು ಗೌರಿಯ ಕಾಲಿನ ಮೇಲೆ ಇಟ್ಟೆ. ಆಮೇಲೆ ಇನ್ನೊಂದು ಕಾಲಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು ಆ ಮಗು ಹೇಳಿತು: "ಎರಡೂ ತಣ್ಣಗಿದೆ."

ಎರಡೂ ತಣ್ಣಗಿತ್ತು.